ಬಾದಶಹಾನ ಅದಲಿ ಬದಲಿ ನ್ಯಾಯ

ಜುಲೈ ೧೬, ೨೦೦೭, ಸೋಮವಾರ. ಗ್ಲೆನ್ ವೇವರ್ಲಿ

ಮೆಲ್ಬರ್ನಿಗೆ ಬಂದು ಹದಿನೇಳು ದಿನ ಆತು. ಈ ಹದಿನೇಳು ದಿನದಾಗ ನಾ ಮಾತಾಡಿದ್ದು ಬಿಜಾಪುರದಾಗ ಒಂದು ಮುಂಜಾನಿ ಮಾತಾಡಿದಷ್ಟೂ ಆಗಿಲ್ಲ. ಮೂವತ್ನಾಕು ವರ್ಷ ಗೋಳಗುಮ್ಮಟದಾಗ ಗೈಡ್ ಆಗಿ ದುಡದ ಬಾಯಿ ಇದು. ಸುಮ್ಮನ ಇಟ್ಟರ ಜಂಗ ಹಿಡೀತೈತಿ. ಅದಕ ಮಗ ಸಂಕೇತ ನಿನ್ನೆ ಈ ದಪ್ಪನ ನೋಟಬುಕ್ಕ ತಂದುಕೊಟ್ಟ. "ಅಪ್ಪಾ, ಹೇಳೂದಿದ್ರ ಇದಕ್ಕ ಹೇಳು," ಅಂದ. ನನ್ನ ಬಾಯಿಗೆ ಬಾಗಲಾ ಹಚ್ಚಿದ್ದು ನನಗ ತಿಳೀಲಿಲ್ಲ ಅಂತ ತಿಳಕೊಂಡಾನ.

ಸಂಕೇತ ಏಳಕ್ಕ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕಿಗೆ ಹೋಗತಾನ. ಸೊಸಿ ಚಂದ್ರಪ್ರಭಾ ಎಂಟಕ್ಕ ದವಾಖಾನಿ ಲ್ಯಾಬಿಗೆ. ಮೊಮ್ಮಗಳು ಮಹಾಶ್ವೇತಾ ಹದಿನೈದು ವರ್ಷದಾಕಿ, ಎಂಟೂವರಿಗೆ ಸಾಲಿಗೆ. ಆಮ್ಯಾಲ ಮನ್ಯಾಗ ಉಳಿಯೂದು ನಾನು, ನನ್ನ ಹೆಂಡತಿ ಚನ್ನಕ್ಕ, ಮತ್ತ ಹೀಟರು. ಅದರಾಗ ಹೀಟರು ಕೆಟ್ಟಿತ್ತು.

ಇವತ್ತ ಅದನ್ನ ರಿಪೇರಿ ಮಾಡಾಕ ಒಬ್ಬ ಗಡ್ಡದಂವ ಬಂದಿದ್ದ. ಒಳಗ ಬಂದಾನ, ನಾ ಹೆಂಗ ಸುಮ್ಮನ ಇರಲಿ? ಗೈಡ್ ಇಂಗ್ಲಿಷಿನ್ಯಾಗ ಸುರು ಮಾಡಿದೆ. ಇದು ದೊಡ್ಡ ಹಾಲ್, ಇದು ಬಸವಣ್ಣನ ಫೋಟೋ, ಹನ್ನೆರಡನೇ ಶತಮಾನ, ಹಿಂಗ ಬರ್ರಿ, ಹುಷಾರ, ಇಲ್ಲಿ ಮೆಟ್ಟಲಾ ಐತಿ. ಪಾಪ, ಪಾನಾ ಕೈಯಾಗ ಹಿಡಕೊಂಡು ಮಾಳಿಗಿ ಮಟಾ ಬಂದ. ಅಂವ ಹೋದ ಮ್ಯಾಲ ಚನ್ನಕ್ಕ ಕೇಳಿದ್ಲು, "ಟಿಕೀಟ ಹರದು ಕೊಡ್ಲಿಲ್ಲೇನ್ರಿ ಅವಗ?" ಸಂಜೀಗೆ ಸೊಸಿ ಮೆಲ್ಲಕ ಅಂದ್ಲು, "ಮಾವ, ಇಲ್ಲಿ ಅವ್ರು ಗಂಟೆ ಲೆಕ್ಕದಲ್ಲಿ ಬಿಲ್ ಹಾಕ್ತಾರೆ." ಬೆಂಗಳೂರಾಕಿ. ಬೈದರೂ ಬೆಣ್ಣಿ ಹಚ್ಚಿ ಬೈತಾಳ.

ಜುಲೈ ೧೯, ಗುರುವಾರ

ಇವತ್ತ ನನ್ನ ಬಾಯಿಗೆ ಕೆಲಸ ಸಿಕ್ತು!

ಶ್ವೇತಾನ ಸಾಲ್ಯಾಗ ಇತಿಹಾಸದ ಸ್ಪರ್ಧಾ ಐತಂತ. ಪ್ರಬಂಧ ಛಲೋ ಬರದಾಕಿನ್ನ ಸಿಡ್ನಿಗೆ ಕಳಸ್ತಾರ, ಅಲ್ಲಿ ಪ್ರೊಫೆಸರ್ ಮಂದಿ ಮುಂದ ನಿಂತು ಹೇಳಬೇಕು. ವಿಷಯ ಏನಂದ್ರ, ಮಧ್ಯಯುಗದ ರಾಜ್ಯಗಳನ್ನ ಧರ್ಮ ಮತ್ತ ಸರಕಾರ ಎರಡೂ ಕೂಡಿ ಹೆಂಗ ಕಟ್ಟಿದ್ವು. ಅಕಿ ತುರ್ಕಿ ಸುಲ್ತಾನರ ಬಗ್ಗೆ ಓದಿಕೋತ ಕುಂತಿದ್ಲು. ಅಲ್ಲಿ ನ್ಯಾಯ ಹೇಳೂ ಕಾಜಿಗೆ ಸರಕಾರನ ಪಗಾರ ಕೊಡತಿತ್ತಂತ, ಕ್ರಿಸ್ತರು ಯಹೂದಿಗಳು ತಮ್ಮ ಮದಿವಿ ಮುಂಜಿವಿ ತಮ್ಮ ಗುರುಗಳ ಕಡೆನ ಬಗಿಹರಿಸ್ಕೋತಿದ್ರಂತ.

"ತುರ್ಕಿ ಮಟಾ ಯಾಕ ಹೋಗತಿಯವ್ವಾ?" ಅಂದೆ. "ನಿಮ್ಮ ಅಜ್ಜನ ಅಂಗಳದಾಗ ಬಾದಶಹಾ ಮಲಗ್ಯಾನ."

ಇಪ್ಪತ್ತು ದಿನದಾಗ ಮೊದಲನೇ ಸಲ ಅಕಿ ಕಂಪ್ಯೂಟರ್ ಬಿಟ್ಟು ನನ್ನ ಮಾರಿ ನೋಡಿದ್ಲು. ನಾ ಹರದೆ ನೋಡು ಹೊಳಿ ಹರದಂಗ. ಆದಿಲಶಾಹಿಯೊಳಗ ಮುತ್ತ್ಯಾ ಶಿಯಾ, ಮೊಮ್ಮಗ ಸುನ್ನಿ, ಅವನ ಮಗ ಮತ್ತ ಶಿಯಾ. ರಾಜಾ ಬದಲಾದಂಗ ಶುಕ್ರವಾರದ ನಮಾಜಿನ್ಯಾಗ ಓದೂ ಹೆಸರು ಬದಲ. ಮಂತ್ರಿ ಬದಲಾದಾಗ ಆಫೀಸಿನ ಗ್ವಾಡಿಮ್ಯಾಲಿನ ಫೋಟೋ ಬದಲ ಮಾಡೂದಿಲ್ಲೇನು, ಹಂಗ. ಅತ್ಲಾಗ ವಿಜಯನಗರದ ರಾಯರು ತಮ್ಮನ್ನ 'ಸುರತ್ರಾಣ' ಅಂತ ಕರಸ್ಕೊಂಡ್ರು, ಅಂದ್ರ ಸುಲ್ತಾನ. ಇತ್ಲಾಗ ನಮ್ಮ ಸುಲ್ತಾನ ಎರಡನೇ ಇಬ್ರಾಹಿಮ್ 'ಜಗದ್ಗುರು' ಅನಿಸ್ಕೊಂಡ. ಒಬ್ಬರ ಟೊಪಿಗಿ ಒಬ್ಬರು ಹಾಕ್ಕೊಂಡ ಕಾಲ ಅದು.

ಅಕಿ ಪಟಪಟ ಟೈಪ್ ಮಾಡಿಕೊಂಡ್ಲು. ನಡುನಡುವ ಒಂದs ಪ್ರಶ್ನಿ: "ನಿನಗ ಹೆಂಗ ಗೊತ್ತು, ಅಜ್ಜಾ?" (ಅಕಿಗೆ ಕನ್ನಡ ತಿಳೀತೈತಿ, ಬಾಯಿಗೆ ಬರೂದು ಇಂಗ್ಲಿಷ್. ಇಲ್ಲಿ ನಾ ಎಲ್ಲಾ ಕನ್ನಡ ಮಾಡಿ ಬರಿತೀನಿ.) "ಮೂವತ್ನಾಕು ವರ್ಷ ಹೇಳೀನಿ," ಅಂದೆ. "ಗೊತ್ತಿಲ್ಲದನ ಹೇಳತಿದ್ನೇನು?" ಟೂರಿಸ್ಟ್ ಮಂದಿ ಏನ ಕೇಳಲಿ, ನನ್ನ ಬಾಯಾಗ ಗೊತ್ತಿಲ್ಲ ಅನ್ನೂ ಶಬ್ದ ಒಂದು ದಿನಾನೂ ಬಂದಿಲ್ಲ. ಅದು ಗೈಡಿನ ಧರ್ಮ.

ಜುಲೈ ೨೨, ಭಾನುವಾರ

ಮಧ್ಯಾಹ್ನ ಶ್ವೇತಾ ಲೈಬ್ರರಿಯಿಂದ ಓಡಿಕೋತ ಬಂದ್ಲು. ಕೈಯಾಗ ಎರಡು ಪುಸ್ತಕ. "ಅಜ್ಜಾ, ಅದಲಿ ಬದಲಿ ನ್ಯಾಯದ ಕಥಿ ನಿನಗ ಗೊತ್ತೇನು?"

ಒಂದು ಪುಸ್ತಕ ಇಂಗ್ಲಂಡಿನ ಒಬ್ಬಾಕಿ ಬರದ ಪ್ರವಾಸದ್ದು. ಅದರಾಗ ಬಿಜಾಪುರದ್ದು ಒಂದು ಅಧ್ಯಾಯ. ಎರಡನೇದು ಯಾರೋ ಪಂಡಿತರದು, ಅದರಾಗ ಕೆಳಗ ಸಣ್ಣ ಅಕ್ಷರದಾಗ ಅದs ಕಥಿ, ಮೊದಲನೇ ಪುಸ್ತಕದ ಹೆಸರು ಹಾಕಿ. ಶ್ವೇತಾ ಓದಿದ್ಲು. ಇಬ್ರಾಹಿಮ್ ಬಾದಶಹಾನ ದರಬಾರಿನ್ಯಾಗ ಗುರುವಾರಕ್ಕೊಮ್ಮೆ ಎರಡು ಗಾದಿ ಹಾಕತಿದ್ರು, ಒಂದು ಕಾಜಿಗೆ, ಒಂದು ಶಾಸ್ತ್ರಿಗೆ. ಹಿಂದೂಗಳ ಜಗಳದ ನ್ಯಾಯ ಕಾಜಿ ಹೇಳಬೇಕು, ಮುಸಲರ ಜಗಳದ್ದು ಶಾಸ್ತ್ರಿ ಹೇಳಬೇಕು. ಯಾಕಂದ್ರ ಮನಷ್ಯಾ ತನ್ನವರ ಮುಂದ ಸುಳ್ಳು ಹೇಳಾಕ ಅಂಜೂದಿಲ್ಲ. ಬ್ಯಾರೇದವರ ಮುಂದ ಮಾತ್ರ ಮರ್ಯಾದಿ ಸಲುವಾಗಿ ಖರೇ ಹೇಳತಾನ. ಬಿಜಾಪುರದ ಮಂದಿ ಇದನ್ನ ಇನ್ನೂ ನೆನಸ್ತಾರಂತ, ಹಂಗಂತ ಬರದಿತ್ತು.

ನನಗ ಎದಿ ಉಬ್ಬಿ ಅಂಗಿ ಗುಂಡಿ ಹರಿಯೂದೊಂದು ಬಾಕಿ. ಇದು ನಾ ಹೇಳಿದ್ದು! ಶಬ್ದಕ್ಕ ಶಬ್ದ ನಂದು. ಆ ಕೆಂಪುಮಾರಿಯ ಹೆಣಮಗಳು ನೋಟಬುಕ್ಕ ಹಿಡಕೊಂಡು ನನ್ನ ಬೆನ್ನ ಹತ್ತಿದ್ದು ನೆನಪೈತಿ. "ಗೊತ್ತೇನು ಅಂತ ಕೇಳತಿಯೇನು!" ಅಂದು ಎದ್ದು ನಿಂತು, ಕಾಜಿ ಆಗಿ ಗಡ್ಡಾ ನೀವಿ, ಶಾಸ್ತ್ರಿ ಆಗಿ ಶಲ್ಯಾ ಕೊಡವಿ, ಪೂರಾ ಕಥಿ ಹೇಳಿದೆ. ಹುಡುಗಿ ಕಣ್ಣ ಪಿಳಕಸ್ಲಿಲ್ಲ. "ಎರಡು ಸೋರ್ಸ್ ಇದ್ವು, ನೀ ಮೂರನೇದು," ಅಂದ್ಲು.

ಅಡಗಿಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತ್ತು. ಚನ್ನಕ್ಕ ಬಾಗಲದಾಗ ಬಂದು ನಿಂತು, "ನಿಮಗಿಂತ ಮೊದಲs ನಿಮ್ಮ ಕಥಿಗೆ ಇಲ್ಲಿಯ ವೀಸಾ ಸಿಕ್ಕಿತ್ತಲ್ರಿ," ಅಂದು ಒಳಗ ಹೋದ್ಲು.

ಜುಲೈ ೨೩, ಸೋಮವಾರ

ಚಳಿ ಭಾಳ. ಬರಿಯಾಕ ಏನೂ ಇಲ್ಲ.

ಜುಲೈ ೨೬, ಗುರುವಾರ

ಯಾರೂ ಓದೂದಿಲ್ಲ ಇದನ್ನ, ಬರದs ಬಿಡತೀನಿ.

ಆ ಕಥಿ ಬಾದಶಹಾಂದಲ್ಲ. ನಂದು. ೧೯೮೩ನೇ ಇಸ್ವಿ, ಮೇ ತಿಂಗಳು, ಮೂರರ ಬಿಸಲು. ಹುಬ್ಬಳ್ಳಿ ಕಡೆಯ ಯಾವುದೋ ಆಫೀಸಿನ ಗುಮಾಸ್ತರ ಬಸ್ಸು ಬಂದಿತ್ತು. ಗುಮ್ಮಟದ ಕೆಳಗ ಇಬ್ಬರು ಜಗಳಕ್ಕ ಬಿದ್ರು. ನಿಮ್ಮ ಬಾದಶಹಾ ನಮ್ಮ ಗುಡಿ ಕೆಡವಿದ ಅಂತ ಒಬ್ಬ, ನಿಮ್ಮ ರಾಯರು ನಮ್ಮ ಊರು ಸುಟ್ರು ಅಂತ ಇನ್ನೊಬ್ಬ. ಕಾಲರ್ ಹಿಡದ್ರು. ಆ ಗುಮ್ಮಟದಾಗ ಒಂದು ಬೈಗಳಾ ಬೈದರ ಏಳು ಸಲ ಕೇಳತೈತಿ, ಜಗಳಾ ಏಳು ಪಟ್ಟು ಆತು. ನನಗ ಏನ ತಿಳೀತೋ, "ಸುಮ್ಮನಿರ್ರಿ! ಇಲ್ಲಿ ಜಗಳಾ ಆಡಿದವರಿಗೆ ಬಾದಶಹಾ ಏನ ಮಾಡತಿದ್ದ ಗೊತ್ತೇನು?" ಅಂತ ಒದರಿದೆ. ಒದರಿದ ಮ್ಯಾಲ ಏನರ ಹೇಳಬೇಕಲ್ಲ. ಹೇಳಿದೆ. ಇಬ್ಬರೂ ನಕ್ರು. ಹೋಗೂವಾಗ ಒಬ್ಬರ ಬಾಟಲಿ ನೀರು ಒಬ್ಬರು ಕುಡದ್ರು.

ಹಂತಾ ಕಥಿ ಯಾರು ಬಿಡತಾರ? ಮರುದಿನ ಹೇಳಿದೆ, ಅದರ ಮರುದಿನ ಹೇಳಿದೆ. ಐದು ವರ್ಷ ಆದ ಮ್ಯಾಲ ಬ್ಯಾರೆ ಗೈಡುಗಳೂ ಹೇಳಾಕ ಹತ್ತಿದ್ರು. ಒಬ್ಬಂವ ನನಗs ತಿದ್ದಿದ, ಗುರುವಾರ ಅಲ್ಲ ಸೋಮವಾರ ಅಂತ! ಸುಳ್ಳು ಕಟ್ಟಿದಂವ ನಾ, ತಾರೀಖು ಅಂವ ಹೇಳಬೇಕು.

ಇದು ಚನ್ನಕ್ಕಗೆ ಮೊದಲಿನಿಂದ ಗೊತ್ತು. ಅವತ್ತ ಸಂಜೀಕನ ಹೇಳಿದ್ದೆ.

ಆಗಸ್ಟ್ ೨, ಗುರುವಾರ

ಶ್ವೇತಾ ಆರಿಸಿ ಬಂದಾಳ! ಇಡೀ ಸಾಲ್ಯಾಗ ಅಕಿ ಒಬ್ಬಾಕಿನs. ಆಗಸ್ಟ್ ೨೫ಕ್ಕ ಸಿಡ್ನಿ. ಸಂಕೇತ ಪಿಝಾ ತರಿಸಿದ, ಚನ್ನಕ್ಕ ಹುಗ್ಗಿ ಮಾಡಿದ್ಲು, ಸೊಸಿ ಎರಡನ್ನೂ ಟೇಬಲ್ ಮ್ಯಾಲ ಇಟ್ಟು ಫೋಟೋ ತಗದ್ಲು.

ಊಟಾ ಮಾಡೂವಾಗ ಶ್ವೇತಾ ಹೇಳಿದ್ಲು. ಪ್ರಬಂಧಕ್ಕ ಅಕಿ ಇಟ್ಟ ಹೆಸರು 'ಅದಲಿ ಬದಲಿ ನ್ಯಾಯ'. ಇಡೀ ವಾದ ಅದರ ಮ್ಯಾಲ ನಿಂತೈತಿ, ಸರಕಾರ ಅನ್ನೂದು ಎರಡು ಧರ್ಮದ ನಡುವ ಪಂಚಾಯ್ತಿ ಮಾಡೂ ಹಿರಿಯಾ ಇದ್ದಂಗ ಅಂತ. ಅಕಿ ಟೀಚರ್ ಕೇಳಿದ್ರಂತ, "ಆ ಕಾಲದ ಒಂದು ಕಾಗದ, ಒಂದು ಶಾಸನ ಏನರ ಐತೇನು ಇದಕ್ಕ? ನನಗ್ಯಾಕೋ ಸಂಶಯ." ಅದಕ ನಮ್ಮ ಹುಡುಗಿ ಎದ್ದು ನಿಂತು, "ಮಿಸ್, ನಮ್ಮಜ್ಜ ಅಲ್ಲೇ ಮೂವತ್ನಾಕು ವರ್ಷ ಕೆಲಸಾ ಮಾಡ್ಯಾನ. ಸುಳ್ಳಿದ್ರ ಅಂವಗ ಗೊತ್ತಿರತಿತ್ತು," ಅಂದ್ಲಂತ.

ಹುಗ್ಗಿ ಗಂಟಲದಾಗ ನಿಂತು ಕೆಮ್ಮು ಬಂತು. ಸೊಸಿ ನೀರು ಕೊಟ್ಲು. ಚನ್ನಕ್ಕ ನನ್ನ ಕಡೆ ನೋಡಲೇ ಇಲ್ಲ. ಅಕಿ ನೋಡದಿದ್ದಾಗ ನನಗ ಜಾಸ್ತಿ ಅಂಜಿಕಿ.

ಆಗಸ್ಟ್ ೪, ಶನಿವಾರ

ಜ್ವಾಳದ ಹಿಟ್ಟು ತರಾಕ ಡ್ಯಾಂಡಿನಾಂಗಿಗೆ ಹೋಗಿದ್ವಿ. ಅಂಗಡ್ಯಾಗ ಬೆಳಗಾವಿ ಕಡೆಯ ಗಿರೀಶ ಸಿಕ್ಕ, ಸಂಕೇತನ ದೋಸ್ತ. "ಕಾಕಾ, ಅದಲಿ ಬದಲಿ ಕಥಿ ಸಂಕೇತ ಹೇಳಿದ, ಭಾರಿ ಐತ್ರಿ! ಮುಂದಿನ ತಿಂಗಳ ನಮ್ಮ ಕನ್ನಡ ಸಂಘದಾಗ ನೀವs ಹೇಳಬೇಕು," ಅಂದ. ಈ ಊರಾಗ ನನ್ನ ಸುಳ್ಳಿಗೆ ನನಗಿಂತ ಹೆಚ್ಚು ಗುರುತಿನವರು ಆಗ್ಯಾರ.

ಅಂವ ಹೋದ ಕೂಡ್ಲೆ, ಬ್ಯಾಳಿ ಚೀಲಗಳ ನಡುವ ಚನ್ನಕ್ಕ ನನ್ನ ಹಿಡದ್ಲು. "ನೀವು ಹೇಳತೀರೋ, ನಾ ಹೇಳಲೋ?"

"ಒಂದು ಕಥಿಯಿಂದ ಯಾರಿಗೆ ಏನ ಆಗತೈತಿ? ಛಲೋ ಕಥಿ. ಮಂದಿನ ಕೂಡಸೂ ಕಥಿ."

"ನಾಳೆ ಸಿಡ್ನಿಯೊಳಗ ಒಬ್ಬ ತಿಳದಂವ ಎದ್ದು ಇದೆಲ್ಲಿಂದ ತಂದಿ ಅಂತ ಕೇಳಿದ್ರ, ಸ್ಟೇಜಿನ ಮ್ಯಾಲ ನಿಂತಾಕಿ ಅಕಿ. ನೀವು ಕೆಳಗ ಕುರ್ಚಿ ಮ್ಯಾಲ ಬೆಚ್ಚಗ ಕುಂತಿರತೀರಿ."

ಅಷ್ಟು ಅಂದು ತೊಗರಿಬ್ಯಾಳಿ ಚೀಲ ನನ್ನ ಕೈಯಾಗ ಇಟ್ಲು. ಐದು ಕಿಲೋದ್ದು.

ಆಗಸ್ಟ್ ೯, ಗುರುವಾರ

ಮೂರು ದಿನದಿಂದ ಸುತ್ತು ಬಳಸಿ ಹೇಳಾಕ ನೋಡಾಕತ್ತೀನಿ. ಮಂಗಳವಾರ ಅಂದೆ, "ಶ್ವೇತಾ, ಈ ಹಳೇ ಕಥಿ ಅಂದ್ರ ಮಂದಿ ಬಾಯಾಗ ಬೆಳದಿರತಾವ ನೋಡು." ಅಕಿ, "ಹೌದಜ್ಜಾ, ಅದಕ್ಕ ಓರಲ್ ಟ್ರೆಡಿಷನ್ ಅಂತಾರ, ಮಾರ್ಕ್ಸ್ ಜಾಸ್ತಿ!" ಅಂದ್ಲು. ನಿನ್ನೆ ಅಂದೆ, "ಗೈಡ್ ಮಂದಿ ಸ್ವಲ್ಪ ಉಪ್ಪು ಖಾರ ಹಚ್ಚತಾರವ್ವಾ." ಅಕಿ, "ಬ್ಯಾರೆಯವರು ಹಚ್ಚತಿರಬಹುದು," ಅಂದು ನನ್ನ ಗಲ್ಲಾ ಹಿಂಡಿ ಹೋದ್ಲು. ಇವತ್ತ ಬಾಯಿ ತಗದೆ, ಅಷ್ಟರಾಗ ಅಕಿ ಭಾಷಣದ ಕಡೀ ಮಾತು ಓದಿ ತೋರಿಸಿದ್ಲು. ಅದರಾಗ ನನ್ನ ಹೆಸರು ಇತ್ತು. ಪೂರಾ ಹೆಸರು, ಚನ್ನಮಲ್ಲಪ್ಪ, ಬಿಜಾಪುರ.

ಬಾಯಿ ಮುಚ್ಚಿಕೊಂಡೆ. ನಾಚಿಕಿ ಆತು, ಖರೇನ ನಾಚಿಕಿ ಆತು.

ಆಗಸ್ಟ್ ೧೨, ಭಾನುವಾರ

ಹೇಳಿದೆ.

ಅಕಿ ಸಾಲಿ ಅಂಗಿ ಇಸ್ತ್ರಿ ಮಾಡಾಕತ್ತಿದ್ಲು. ನಾ ಬಾಜೂಕ ಸ್ಟೂಲ್ ಮ್ಯಾಲ ಕುಂತೆ. ಉಪ್ಪು ಖಾರ ಏನೂ ಹಚ್ಚಲಿಲ್ಲ. ೧೯೮೩, ಬಸ್ಸು, ಕಾಲರು, ಎಲ್ಲಾ ಹೇಳಿದೆ. ಆ ವಿಚಾರ ಎಲ್ಲಿಂದ ಬಂತು ಅನ್ನೂದನ್ನೂ ಹೇಳಿದೆ, ಚನ್ನಕ್ಕಗೂ ಹೇಳಿರದಿದ್ದು. ಸಣ್ಣಾಂವ ಇದ್ದಾಗ ನಾನು ನಮ್ಮಣ್ಣ ಬಡದಾಡಿದ್ರ ನಮ್ಮವ್ವ ಗಿರಿಜವ್ವ ತಾ ಕೇಳತಿರಲಿಲ್ಲ. "ನಡೀರಿ, ಹುಸೇನಬಿ ಕಡೆ," ಅಂತ ಬಾಜೂಮನಿಗೆ ದೂಡತಿದ್ಲು. ಹುಸೇನಬಿ ಮಕ್ಕಳು ಬಡದಾಡಿದ್ರ ಅವರು ನಮ್ಮವ್ವನ ಮುಂದ ಬಂದು ನಿಂದ್ರತಿದ್ರು. ನಮ್ಮವ್ವನ ಮುಂದ ನಾ ಹತ್ತು ಸುಳ್ಳು ಹೇಳತಿದ್ದೆ. ಹುಸೇನಬಿ ಮುಂದ ಒಂದೂ ಬರತಿರಲಿಲ್ಲ. ಓಣ್ಯಾಗ ಇದ್ದದ್ದನ್ನ ದರಬಾರಿಗೆ ಒಯ್ದು ಇಟ್ಟೆ, ಅಷ್ಟs.

ಶ್ವೇತಾ ಇಸ್ತ್ರಿ ಎತ್ತಿ ನೆಟ್ಟಗ ನಿಲ್ಲಿಸಿದ್ಲು. ಸ್ವಿಚ್ ತಗದ್ಲು. ಅಳಲಿಲ್ಲ, ಒದರಲಿಲ್ಲ. "ನಾ ಮಿಸ್ ಮುಂದ ನಿನ್ನ ಹೆಸರು ಹೇಳಿದ್ದೆ, ಅಜ್ಜಾ," ಅಂದ್ಲು. ಅಂಗಿ ಅರ್ಧ ಇಸ್ತ್ರಿ ಆಗಿತ್ತು, ಹಂಗs ತಗೊಂಡು ಮ್ಯಾಲ ಹೋದ್ಲು.

ಆಗಸ್ಟ್ ೧೩, ಸೋಮವಾರ

ಮಾತಿಲ್ಲ.

ಆಗಸ್ಟ್ ೧೫, ಬುಧವಾರ

ಮಾತು ಐತಿ, ನನ್ನ ಕೂಡ ಇಲ್ಲ. "ಅಜ್ಜಿ, ಉಪ್ಪಿನಕಾಯಿ ಈ ಕಡೆ ಕೊಡು ಅಂತ ಅವರಿಗೆ ಹೇಳು." ಉಪ್ಪಿನಕಾಯಿ ನನ್ನ ಕೈ ಬುಡಕs ಇತ್ತು. ನಾ ಕೊಟ್ಟೆ. "ಥ್ಯಾಂಕ್ಸ್ ಅಂತ ಹೇಳು ಅಜ್ಜಿ." ಚನ್ನಕ್ಕ ಅಂಚೆ ಕಚೇರಿ ಆಗ್ಯಾಳ. "ಸ್ಟಾಂಪ್ ಹಚ್ಚಿ ಕೊಡ್ರಿ ಇಬ್ಬರೂ," ಅಂತಾಳ.

ಸೊಸಿ ಸಮಾಧಾನ ಮಾಡಿದ್ಲು. "ಮಾವ, ಅವಳು ಪ್ರಬಂಧ ಪೂರ್ತಿ ಬದಲಾಯಿಸಬೇಕು, ಹತ್ತೇ ದಿನ ಇರೋದು. ಟೆನ್ಷನ್ ಅಷ್ಟೇ." ಟೆನ್ಷನ್ ಅಲ್ಲ ಅದು, ನನಗ ಗೊತ್ತು. ಹುಡುಗಿ ಟೀಚರ್ ಕಡೆ ಹೋಗಿ ತಾನs ಎಲ್ಲಾ ಹೇಳಿ ಬಂದಾಳಂತ. ಟೀಚರ್ ಏನಂದ್ರು ಅಂತ ಕೇಳೂ ಧೈರ್ಯ ನನಗ ಆಗಲಿಲ್ಲ.

ಆಗಸ್ಟ್ ೧೮, ಶನಿವಾರ

ಗುರುವಾರದಿಂದ ಸಂಕೇತನ ಕಾರ್ಡ್ ತಗೊಂಡು ಲೈಬ್ರರಿಗೆ ಹೋಗಾಕತ್ತೀನಿ. ಮುಂಜಾನಿಯಿಂದ ಸಂಜೀ ಮಟಾ. ಬಿಜಾಪುರದ ಬಗ್ಗೆ ಪುಸ್ತಕ ಬೇಕು ಅಂದ್ರ ಆ ಲೈಬ್ರರಿ ಹೆಣಮಗಳು ಬ್ಯಾರೆ ಸಬರ್ಬಿನಿಂದೆಲ್ಲಾ ತರಿಸಿಕೊಟ್ಲು. ಓದಿದಂಗ ಓದಿದಂಗ ಮಾರಿ ಸಣ್ಣದಾತು. ಮೂವತ್ನಾಕು ವರ್ಷ ಆ ಕಲ್ಲಿನ ನಡುವ ತಿರಗೀನಿ, ಒಂದು ಪುಸ್ತಕ ಪೂರಾ ಓದಿರಲಿಲ್ಲ.

ಸಿಕ್ಕದ್ದನ್ನ ನನ್ನ ಗೈಡ್ ಇಂಗ್ಲಿಷಿನ್ಯಾಗ ಒಂದು ಹಾಳಿ ಮ್ಯಾಲ ಬರದು ಶ್ವೇತಾನ ಬಾಗಲದ ಕೆಳಗ ಸರಿಸಿದೆ. ಒಂದನೇ ಇಬ್ರಾಹಿಮ್ ಕಂದಾಯದ ಕಾಗದಪತ್ರದಾಗ ಪಾರ್ಸಿ ತಗದು ಊರ ಮಂದಿ ಭಾಷಾ ತಂದ, ಅದರಿಂದ ಬ್ರಾಹ್ಮಣ ಗುಮಾಸ್ತರ ಕೈ ಮ್ಯಾಲಾತು. ಎರಡನೇ ಇಬ್ರಾಹಿಮ್ ಸರಸ್ವತಿನ್ನ ಹೊಗಳಿ ಹಾಡು ಕಟ್ಟಿದ. ಅದs ದರಬಾರಿನ ಮೌಲ್ವಿಗಳಿಗೆ ಅದು ಸೇರಲಿಲ್ಲ ಅಂತ ಒಬ್ಬರು ಬರದಾರ, ಅಷ್ಟೇನೂ ಗದ್ದಲ ಆಗಲಿಲ್ಲ ಅಂತ ಇನ್ನೊಬ್ಬರು.

ಅರ್ಧ ತಾಸಿಗೆ ಹಾಳಿ ಅದs ಬಾಗಲದ ಕೆಳಗಿಂದ ಹೊರಗ ಬಂತು. ಕೆಂಪು ಪೆನ್ನಿನ್ಯಾಗ ಮೂರು ಕಡೆ: "ಪುಟ ಸಂಖ್ಯೆ??"

ನಾಳೆ ಮತ್ತ ಹೋಗಬೇಕು. ನನ್ನ ಮೊಮ್ಮಗಳು, ನನಗ ಫೇಲ್ ಮಾಡ್ಯಾಳ.

ಆಗಸ್ಟ್ ೨೨, ಬುಧವಾರ

ಪುಟ ಸಂಖ್ಯೆ ಹಾಕಿ ಇವತ್ತಿಗೆ ಐದನೇ ಹಾಳಿ ಕೊಟ್ಟೆ. ನಾಕು ಹಾಳಿ ತಿರಗಿ ಬರಲಿಲ್ಲ. ಇಟ್ಟುಕೊಂಡಾಳ ಅಂತ ಅರ್ಥ ಇರಬೇಕು. ಐದನೇದು ಬಂತು. ಅದರಾಗ ನಾ "ಬಾದಶಹಾ ಭಾಳ ದಯಾವಂತ" ಅಂತ ಬರದಿದ್ದೆ. ಕೆಂಪಿನ್ಯಾಗ "ಯಾರ ಪ್ರಕಾರ?" ಅಂತ ಇತ್ತು. ಕೂತು ವಿಚಾರ ಮಾಡಿದೆ. ಅವನ ಪಗಾರ ತಿನ್ನೂ ಕವಿಗಳ ಪ್ರಕಾರ. ಅದನ್ನs ಬರದು ಮತ್ತ ಸರಿಸಿದೆ.

ಗಿರೀಶ ಫೋನ್ ಮಾಡಿದ್ದ. ಮಾತಿಗೆ ಮಾತು ಬಂದು, "ಕಾಕಾ, ಗುಡಿ ಕೆಡವಿದವರು ಹೆಚ್ಚೋ, ಜಾಗಾ ಬಿಟ್ಟುಕೊಟ್ಟವರು ಹೆಚ್ಚೋ?" ಅಂತ ಕೇಳಿದ. ಎರಡೂ ಆಗ್ಯಾವ, ಹೆಚ್ಚು ಯಾವುದು ಗೊತ್ತಿಲ್ಲ ಅಂದೆ. ಸಂಘದಾಗ ಆ ಕಥಿ ಹೇಳೂದಿಲ್ಲ ಅಂತಾನೂ ಅಂದೆ. ಯಾಕ ಅಂದ. ಅದು ನಾ ಕಟ್ಟಿದ್ದು ಅಂದೆ. ಫೋನಿನ್ಯಾಗ ಒಂದು ಸಲ ಕೆಮ್ಮಿದ. ಆಮ್ಯಾಲ "ಹೋಗ್ಲಿ, ಊಟಾ ಆತೇನ್ರಿ?" ಅಂದ. ಬೆಳಗಾವಿಯವರು ಮರ್ಯಾದಸ್ತರು.

ಆಗಸ್ಟ್ ೨೪, ಶುಕ್ರವಾರ. ಸಿಡ್ನಿ

ಕಾರಿನ್ಯಾಗ ಹತ್ತು ತಾಸು. ಸಂಕೇತ ಹೊಡದ, ಬಾಜೂಕ ಸೊಸಿ. ಹಿಂದ ನಡುವ ಚನ್ನಕ್ಕ, ಆಕಡೆ ಈಕಡೆ ನಾವಿಬ್ಬರು. ದಾರಿಯುದ್ದಕ್ಕ ಬಯಲು, ಕುರಿ, ಮತ್ತ ಬಯಲು. ಶ್ವೇತಾ ಕಿವಿಯೊಳಗ ಇಯರ್‌ಫೋನ್ ಹಾಕ್ಕೊಂಡು ಕಾಗದ ಓದಿಕೋತ ಕುಂತಿದ್ಲು. ಕಾಗದದ ನಡುವ ನನ್ನ ಅಕ್ಷರ ಕಂಡಂಗಾತು. ಬಗ್ಗಿ ನೋಡಾಕ ಹೋದೆ, ಚನ್ನಕ್ಕ ಮೊಣಕೈಲೆ ತಿವದ್ಲು.

ಪ್ಯಾರಾಮಟ್ಟಾದಾಗ ಒಂದು ಮೋಟೆಲ್ಲಿಗೆ ಬಂದು ಇಳದೀವಿ. ನಾಳೆ ಹತ್ತಕ್ಕ. ನಾ ಗಳಿಗ್ಗೊಮ್ಮೆ ಗಡಿಯಾರ ನೋಡಾಕತ್ತೀನಿ, ಅಕಿ ಆರಾಮ ಟಿವಿ ನೋಡಾಕತ್ಯಾಳ.

ಆಗಸ್ಟ್ ೨೫, ಶನಿವಾರ. ಸಿಡ್ನಿ

ಮಧ್ಯಾಹ್ನದ ಮೂರು ಗಂಟೆ. ಎಲ್ಲಾರೂ ಸಮುದ್ರ ನೋಡಾಕ ಹೊಂಟಾರ, ಐದು ನಿಮಿಷ ಕೊಡ್ರಿ ಅಂತ ಹೇಳಿ ಬರಿಯಾಕ ಕುಂತೀನಿ.

ದೊಡ್ಡ ಹಾಲ್. ಮುಂದ ಮೂರು ಮಂದಿ ತೀರ್ಪುಗಾರರು, ನಡುವ ಒಬ್ಬ ಬಿಳೀ ಗಡ್ಡದ ಪ್ರೊಫೆಸರ್. ಶ್ವೇತಾ ಏಳನೇದಾಕಿ. ತುರ್ಕಿಯಿಂದ ಸುರು ಮಾಡಿ ಬಿಜಾಪುರಕ್ಕ ಬಂದ್ಲು. ಮೊದಲಿನ ಪ್ರಬಂಧದಾಗಿದ್ದ ಗಾದಿ, ಕಾಜಿ, ಶಾಸ್ತ್ರಿ ಯಾವುದೂ ಇರಲಿಲ್ಲ. ರಾಜರು ಧರ್ಮ ಕಾಯತೀವಿ ಅಂತಾರ, ಧರ್ಮದವರು ರಾಜನ್ನ ಕಾಯತಾರ, ಇಬ್ಬರಿಗೂ ಕಂದಾಯ ಬರಕೊಳ್ಳೂ ಗುಮಾಸ್ತ ಬೇಕು, ಅಂವ ಯಾವ ದೇವರ ಪೂಜಾ ಮಾಡತಾನ ಅಂತ ಕೇಳೂ ಪುರಸೊತ್ತು ಯಾರಿಗೂ ಇಲ್ಲ. ಹಿಂಗ ಹೇಳಿಕೋತ ಹೋದ್ಲು. ಎರಡು ಸಲ "ಇದು ನಮಗ ಗೊತ್ತಿಲ್ಲ" ಅಂದ್ಲು, ತಲಿ ಎತ್ತಿ ಅಂದ್ಲು. ನಡುನಡುವ ನನ್ನ ಹಾಳಿಗಳು ಬಂದ್ವು, ಪುಟ ಸಂಖ್ಯೆ ಸಮೇತ. ಮೊದಲಿನಷ್ಟು ರಂಗು ಇರಲಿಲ್ಲ. ಮಂದಿ ಮರ್ಯಾದಿಗೆ ಚಪ್ಪಾಳಿ ಹೊಡದ್ರು.

ಆಮ್ಯಾಲ ಪ್ರಶ್ನಿ. ಗಡ್ಡದ ಪ್ರೊಫೆಸರ್ ನಕ್ಕೋತ ಅಂದ, "ನಾ ೧೯೮೯ರಾಗ ಬಿಜಾಪುರಕ್ಕ ಹೋಗಿದ್ದೆ. ಅಲ್ಲಿ ಒಬ್ಬ ತೆಳ್ಳನ ಗೈಡು ಅದ್ಭುತ ಕಥಿ ಹೇಳಿದ, ನ್ಯಾಯಾಧೀಶರನ್ನ ಅದಲಿ ಬದಲಿ ಮಾಡೂದು. ನಿನ್ನ ವಾದಕ್ಕ ಹೇಳಿ ಮಾಡಿಸಿದಂಗ ಐತಲ್ಲ. ಯಾಕ ಬಿಟ್ಟಿ?"

ಅಯ್ಯ ಶಿವನ! ತೆಳ್ಳನ ಅಂದ ಕೂಡ್ಲೆ ಚನ್ನಕ್ಕ ನನ್ನ ಹೊಟ್ಟಿ ನೋಡಿದ್ಲು, ಅಂಥಾದ್ರಾಗೂ. ಹೌದ್ರಿ ಮರತೆ ಅಂದಿದ್ರ ಅಕಿಗೆ ಬಹುಮಾನ ಕೈಯಾಗ. ನನ್ನ ಕಡೆ ಬಟ್ಟು ಮಾಡಿ ಅಗೋ ಅಲ್ಲಿ ಕುಂತಾನ ಸುಳ್ಳ ಅಂದಿದ್ರೂ ನ್ಯಾಯನs.

ಶ್ವೇತಾ ಎರಡೂ ಮಾಡಲಿಲ್ಲ. "ಆ ಕಥಿ ನನಗೂ ಗೊತ್ತು ಸರ್," ಅಂದ್ಲು. "ಬಾದಶಹಾನ ಕಾಲದಾಗ ಅದಕ್ಕ ಸಾಕ್ಷಿ ಸಿಗಲಿಲ್ಲ. ಆದ್ರ ೧೯೫೦ರ ಸುಮಾರಿಗೆ ಬಿಜಾಪುರದ ಒಂದು ಓಣ್ಯಾಗ ಇಬ್ಬರು ತಾಯಂದಿರು ಹಂಗs ನ್ಯಾಯ ಮಾಡತಿದ್ರು. ಅದಕ್ಕ ಸಾಕ್ಷಿ ಐತಿ."

"ಯಾರು?"

"ಆರೋಪಿ."

ಹಾಲ್ ನಕ್ಕಿತು. ಪ್ರೊಫೆಸರ್ ಬಿಡಲಿಲ್ಲ. "ಹಂಗಾರ ಬಾದಶಹಾಂದು ಅಲ್ಲ, ಗೈಡು ಕಟ್ಟಿದ ಕಥಿ ಅಂತ ನಿನಗ ಹೆಂಗ ಖಾತ್ರಿ?"

"ಅವರs ಹೇಳಿದ್ರು," ಅಂದ್ಲು. "ಹೇಳದಿದ್ರ ಯಾರಿಗೂ ಗೊತ್ತಾಗತಿರಲಿಲ್ಲ. ಅದಕ ಅವರು ಹೇಳಿದ ಉಳಿದದ್ದನ್ನೆಲ್ಲಾ ನಾ ನಂಬತೀನಿ."

ನನ್ನ ಕಡೆ ನೋಡಲಿಲ್ಲ, ಹೆಸರು ಹೇಳಲಿಲ್ಲ. ನಾನs ಎದ್ದು ನಿಂತೆ. "ಸರ್, ಆ ಗೈಡು ನಾನು," ಅಂದೆ. ಅಷ್ಟs ಇಂಗ್ಲಿಷ್ ಬಂತು. ಮುಂದಿಂದು ಬರಲಿಲ್ಲ. ಪ್ರೊಫೆಸರ್ ಎದ್ದು ನಿಂತು ತಲಿ ಬಾಗಿಸಿದ. ಯಾಕ ಬಾಗಿಸಿದ ಗೊತ್ತಿಲ್ಲ. ನಾ ಕುಂತೆ.

ಮೊದಲನೇ ಬಹುಮಾನ ಬ್ರಿಸ್ಬೇನಿನ ಹುಡುಗಗ ಹೋತು. ಶ್ವೇತಾಗ ಮೂರನೇದು. ಸರ್ಟಿಫಿಕೇಟ್ ತಗೊಂಡು ಕೆಳಗ ಇಳದು ಬಂದು, ಚನ್ನಕ್ಕನ ದಾಟಿ ನನ್ನ ಬಾಜೂಕ ಕುಂತ್ಲು. ಹದಿಮೂರು ದಿನ ಆದ ಮ್ಯಾಲ ಮೊದಲನೇ ಮಾತು, ಅದೂ ಕನ್ನಡದಾಗ: "ಅಜ್ಜಾ, ಹಸಿವಿ ಆಗೇತಿ."

ನಾ ಅತ್ತೆ. ಮಂದ್ಯಾಗ ಕುಂತು ಅತ್ತೆ, ಇಲ್ಲ ಅನ್ನೂದಿಲ್ಲ.

ಈಗ ಬಾಗಲ ಬಡಿಯಾಕತ್ಯಾರ. ಒಂದs ಮಾತು ಬರದು ಮುಗಸ್ತೀನಿ. ಉಳಿದದ್ದನ್ನೆಲ್ಲಾ ನಂಬತೀನಿ ಅಂದ್ಲಲ್ಲ ಹುಡುಗಿ. ಅವಾಗಿಂದ ಕುಂತಲ್ಲಿ ಕುಂದರಾಕ ಆಗವಲ್ದು. ಉಳಿದದ್ದರಾಗ ನಾ ಕಟ್ಟಿದ್ದು ಇನ್ನ ನಾಕು ಅದಾವ. ಆನಿ ಕಥಿ, ಪಾಯಸದ್ದು, ಎರಡನೇ ಬೇಗಮ್ಮಂದು. ನಾಕನೇದು ಚನ್ನಕ್ಕನ್ನ ನೋಡಾಕ ಮೊದಲನೇ ಸಲ ಅವರ ಮನಿಗೆ ಹೋದಾಗ ಅವರಪ್ಪನ ಮುಂದ ಹೇಳಿದ್ದು, ಅದು ಇವತ್ತಿನ ಮಟಾ ಅಕಿಗೂ ಗೊತ್ತಿಲ್ಲ.

ನಾಳೆ ಮೆಲ್ಬರ್ನಿಗೆ ಹತ್ತು ತಾಸಿನ ಹಾದಿ. ಸಿಡ್ನಿ ದಾಟಿದ ಕೂಡ್ಲೆ ಒಂದೊಂದs ಒಪ್ಪಿಕೊಳ್ಳಾಕ ಸುರು ಮಾಡಬೇಕು.